ಕೀಲು ಎಲ್ಲಿ ಹಾಕ್ತೀರ? ತೊಗಲುಗೊಂಬೆಯಿಂದ ಶೇಪ್ ಲೇಯರ್‌ವರೆಗೆ

ಭಾಗ 1/10
ಗೊಂಬೆಯ ಹೆಸರಿನ ಟೂಲ್

ಆಫ್ಟರ್ ಎಫೆಕ್ಟ್ಸ್ ತೆಗೆದು ನೋಡಿದವರಿಗೆ ಮೇಲಿನ ಟೂಲ್ ಸಾಲಿನಲ್ಲಿ ಒಂದು ಪಿನ್ನಿನ ಚಿತ್ರ ಕಂಡಿರುತ್ತೆ. ಅದರ ಹೆಸರು ಪಪೆಟ್ ಪಿನ್. ಒಂದು ಆಕಾರದ ಮೇಲೆ ಎರಡು ಮೂರು ಕಡೆ ಆ ಪಿನ್ ಚುಚ್ಚಿ, ಒಂದನ್ನ ಹಿಡಿದು ಎಳೆದರೆ ಕೈ ಎತ್ತುತ್ತೆ, ಬಾಲ ಅಲ್ಲಾಡುತ್ತೆ. ಇಷ್ಟು ದೊಡ್ಡ ಕಂಪನಿ, ಹೆಸರಿಡೋಕೆ ಗೊಂಬೆಯಾಟದ ಮಾತನ್ನೇ ಯಾಕೆ ಸಾಲ ತಗೊಳ್ತು?

ಈ ಸರಣಿ ಆ ಪ್ರಶ್ನೆ ಹಿಡಿದು ಹೊರಟಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮಗೆಲ್ಲ ಗೊತ್ತಿರೋ ಹಂಗೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮಾತ್ರ ನಾವು ತುಮಕೂರಿನಿಂದ ಬೇರೆ ಜಿಲ್ಲೆ. ಉಳಿದ ದಿನ ನಾಲ್ಕು ತಾಲ್ಲೂಕು. ಮದುವೆ ಕರೆಯೋಲೆ ವಿಡಿಯೋ, ಜಾತ್ರೆ ಪೋಸ್ಟು, ಕಬಡ್ಡಿ ಟೂರ್ನಿಯ ಲೋಗೋ, ಗೆಳೆಯನ ಹುಟ್ಟುಹಬ್ಬದ ಸ್ಟೇಟಸ್ಸು. ಇವೆಲ್ಲಾ ಮಾಡೋರು ನಮ್ಮ ನಿಮ್ಮ ಮಧ್ಯೆಯೇ ಇದ್ದಾರೆ. ಕೆಲವರು ಲ್ಯಾಪ್‌ಟಾಪಲ್ಲಿ, ಹೆಚ್ಚಿನವರು ಫೋನಲ್ಲಿ ಅಲೈಟ್ ಮೋಷನ್ ಹಾಕ್ಕೊಂಡು.

ಎಲ್ಲರೂ ಮಾಡೋ ಕೆಲಸ ಒಂದೇ. ಒಂದು ಆಕಾರ ಬರೆಯೋದು, ಅದನ್ನ ತಿದ್ದೋದು, ಕುಣಿಸೋದು. ಈ ಕೆಲಸಕ್ಕೆ ಒಂದು ಚರಿತ್ರೆ ಇದೆ. ಅದರಲ್ಲಿ ಪ್ಯಾರಿಸ್‌ನ ಕಾರು ಕಂಪನಿ ಇದೆ, ಬರ್ಲಿನ್‌ನ ಒಬ್ಬ ಹೆಣ್ಣುಮಗಳು ಇದ್ದಾರೆ, ಕೆನಡಾದ ಪ್ರಯೋಗಾಲಯ ಇದೆ. ಪಾವಗಡದ ಗಡಿ ದಾಟಿದರೆ ಸಿಗೋ ಒಂದು ಹಳ್ಳಿಯೂ ಇದೆ.

ಮೊದಲೇ ಒಂದು ಮಾತು. ಎಲ್ಲಾ ನಮ್ಮವರೇ ಕಂಡುಹಿಡಿದಿದ್ದು ಅಂತ ಹೇಳೋ ವಾಟ್ಸಾಪ್ ಫಾರ್ವರ್ಡ್ ಇದಲ್ಲ. ಯಾರು ಏನು ಮಾಡಿದರೋ ಅಷ್ಟೇ ಹೇಳ್ತೀನಿ. ಅಷ್ಟೇ ಸಾಕಷ್ಟಿದೆ.


ಭಾಗ 2/10
ಗಡಿಯ ಈ ಕಡೆ, ಗಡಿಯ ಆ ಕಡೆ

ತೊಗಲುಗೊಂಬೆ ಅಂದರೆ ಚರ್ಮದ ಗೊಂಬೆ. ಮೇಕೆ ಅಥವಾ ಜಿಂಕೆಯ ಚರ್ಮವನ್ನ ಹದ ಮಾಡಿ, ಬೆಳಕು ತೂರಿ ಬರೋವಷ್ಟು ತೆಳುವಾಗಿಸಿ, ಅದರ ಮೇಲೆ ರಾಮನನ್ನೋ ರಾವಣನನ್ನೋ ಬರೆದು, ಕತ್ತರಿಸಿ, ಬಣ್ಣ ಹಾಕ್ತಾರೆ. ಬಿಳಿ ಪರದೆ ಕಟ್ಟಿ ಹಿಂದೆ ದೀಪ ಇಡ್ತಾರೆ. ಮೊದಲು ಎಣ್ಣೆ ದೀಪ, ಆಮೇಲೆ ಬಲ್ಬು. ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಮುಂದೆ ಕೂತ ಜನಕ್ಕೆ ಕಾಣೋದು ಬಣ್ಣದ ನೆರಳು.

ಕರ್ನಾಟಕದಲ್ಲಿ ಈ ಆಟ ಆಡಿಸಿಕೊಂಡು ಬಂದವರು ಶಿಳ್ಳೇಕ್ಯಾತ ಸಮುದಾಯದವರು. ಕಿಳ್ಳೇಕ್ಯಾತ ಅಂತಲೂ ಕರೆಯೋದಿತ್ತು, ಅದು ಆಟದಲ್ಲಿ ನಗಿಸೋಕೆ ಬರೋ ಗೊಂಬೆಯ ಹೆಸರೂ ಹೌದು. ಸರ್ಕಾರದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋದು ಶಿಳ್ಳೇಕ್ಯಾತ ಅನ್ನೋ ಹೆಸರು, ನಾವೂ ಅದನ್ನೇ ಬಳಸೋಣ.

ಈಗ ನಮ್ಮ ಮ್ಯಾಪ್ ತೆಗೀರಿ. ಪಾವಗಡವನ್ನ ಮೂರು ಕಡೆ ಆಂಧ್ರ ಸುತ್ತುವರೆದಿದೆ. ಗಡಿ ದಾಟಿ ಧರ್ಮಾವರಂ ಕಡೆ ಹೋದರೆ ನಿಮ್ಮಲಕುಂಟ ಅನ್ನೋ ಹಳ್ಳಿ ಸಿಗುತ್ತೆ. ಅಲ್ಲಿ ಇವತ್ತಿಗೂ ಮನೆಮನೆಯಲ್ಲಿ ಚರ್ಮ ಕೆತ್ತುತ್ತಾರೆ. ತೆಲುಗಿನಲ್ಲಿ ಈ ಆಟದ ಹೆಸರು ತೋಲು ಬೊಮ್ಮಲಾಟ. ತೊಗಲು, ತೋಲು. ಗೊಂಬೆ, ಬೊಮ್ಮ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆದರೆ ಎರಡೂ ಕಡೆಯ ಗೊಂಬೆ ಒಂದೇ ತರ ಇಲ್ಲ. ಕರ್ನಾಟಕದ ಗೊಂಬೆಗಳು ಹೆಚ್ಚಾಗಿ ಚಿಕ್ಕವು, ಪಾತ್ರದ ಅಂತಸ್ತಿಗೆ ತಕ್ಕ ಸೈಜು: ರಾಜ ದೊಡ್ಡದು, ಆಳು ಸಣ್ಣದು. ಎಷ್ಟೋ ಸಲ ಇಡೀ ಗುಂಪು, ಮರ, ರಥ ಎಲ್ಲಾ ಒಂದೇ ಚರ್ಮದ ತುಂಡಿನಲ್ಲಿ ಇರುತ್ತೆ. ಆಂಧ್ರದ ಗೊಂಬೆಗಳು ದೊಡ್ಡವು. ಸೊಂಟ, ಭುಜ, ಮೊಣಕೈ, ಮೊಣಕಾಲು ಹೀಗೆ ಬೇರೆ ಬೇರೆ ತುಂಡು ಕತ್ತರಿಸಿ, ತೂತು ಹಾಕಿ, ದಾರದಲ್ಲಿ ಗಂಟು ಕಟ್ಟಿರ್ತಾರೆ. ಒಂದರಲ್ಲಿ ಚಿತ್ರವೇ ಪರದೆ ಮೇಲೆ ಬರುತ್ತೆ, ಇನ್ನೊಂದರಲ್ಲಿ ಮೈ ಮುರಿದು ಕುಣಿಯುತ್ತೆ.

ನಮ್ಮ ನಾಲ್ಕು ತಾಲ್ಲೂಕು ಇರೋದು ಈ ಎರಡು ಪದ್ಧತಿಗಳ ಮಗ್ಗುಲಲ್ಲೇ.


ಭಾಗ 3/10
ಗಂಟು ಕಟ್ಟೋ ಜಾಗ

ನಿಮ್ಮ ಬಲಗೈಯನ್ನ ಮೊಣಕೈ ಹತ್ತಿರ ಮಡಚಿ. ಮುಂಗೈ ತಿರುಗಿತು, ಮೊಣಕೈ ಮಾತ್ರ ಇದ್ದಲ್ಲೇ ಇದೆ. ಈಗ ಸಾಫ್ಟ್‌ವೇರಿನಲ್ಲಿ ಒಂದು ಮುಂಗೈ ಆಕಾರ ಬರೆದು ರೊಟೇಷನ್ ಕೊಡಿ. ಅದು ನಡುಮಧ್ಯದಲ್ಲಿ ಫ್ಯಾನಿನ ರೆಕ್ಕೆ ತರ ಗಿರಗಿರ ತಿರುಗೋ ಸಂಭವವೇ ಜಾಸ್ತಿ. ಯಾಕಂದ್ರೆ ಅದರ ಆಂಕರ್ ಪಾಯಿಂಟ್ ಇನ್ನೂ ಮೊಣಕೈಗೆ ಬಂದಿಲ್ಲ. ವೈ ಕೀ ಒತ್ತಿ ಆ ಸಣ್ಣ ಗುರುತನ್ನ ಮೊಣಕೈ ಜಾಗಕ್ಕೆ ಎಳೆದ ಮೇಲೇ ಕೈ ಕೈಯಾಗೋದು.

ಗೊಂಬೆ ಮಾಡೋರಿಗೆ ಈ ಪಾಠ ಯಾರೂ ಬೋರ್ಡ್ ಮೇಲೆ ಬರೆದು ಹೇಳಲಿಲ್ಲ. ತೂತು ಒಂದು ಬೆರಳಿನಷ್ಟು ಆಚೆ ಹಾಕಿದರೆ ತೋಳು ಎತ್ತಿದಾಗ ಭುಜದಲ್ಲಿ ಸಂದು ಬಿಡುತ್ತೆ, ಬೆಳಕು ನುಗ್ಗುತ್ತೆ. ಅದಕ್ಕೇ ಎರಡು ತುಂಡು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂರಬೇಕು, ಕೂಡೋ ಕಡೆ ತುದಿ ದುಂಡಗಿರಬೇಕು. ದುಂಡಗಿದ್ದರೆ ಎಷ್ಟು ತಿರುಗಿಸಿದರೂ ಅಂಚು ಕಾಣಲ್ಲ. ಕ್ಯಾರೆಕ್ಟರ್ ರಿಗ್ ಮಾಡೋರು ಇವತ್ತಿಗೂ ಭುಜಕ್ಕೆ, ಮೊಣಕಾಲಿಗೆ ದುಂಡು ತುದಿಯನ್ನೇ ಕೊಡೋದು, ಕಾರಣವೂ ಇದೇ.

ಇನ್ನೊಂದು ಸಂಗತಿ ತೂತುಗಳದ್ದು. ಗೊಂಬೆಯ ಒಡವೆ, ಕಿರೀಟ, ಸೀರೆಯಂಚು ಬರೀ ಬಣ್ಣದಿಂದ ಆದವಲ್ಲ. ಸಣ್ಣ ಸಣ್ಣ ಉಳಿಯಿಂದ ಚರ್ಮ ಕೊರೆದು ತೆಗೆದಿರ್ತಾರೆ. ಆ ತೂತಿನಿಂದ ಬರೋ ಬೆಳಕೇ ಮುತ್ತಿನ ಸರ. ಅಂದರೆ ಒಡವೆ ಇರೋ ಕಡೆ ಚರ್ಮವೇ ಇಲ್ಲ. ಶೇಪ್ ಲೇಯರ್‌ನಲ್ಲಿ ಮರ್ಜ್ ಪಾತ್ಸ್ ಹಾಕಿ ಒಂದು ಆಕಾರದಿಂದ ಇನ್ನೊಂದನ್ನ ಕಳೀತೀವಲ್ಲ, ಮಾಡ್ತಿರೋದು ಅದೇ.

ಈ ಸರಣಿಯಲ್ಲಿ ಒಂದೇ ಮಾತು ನೆನಪಿಟ್ಕೊಳ್ಳಿ ಅಂದರೆ ಇದನ್ನ ಹೇಳ್ತೀನಿ: ಎಲ್ಲಿ ಕತ್ತರಿಸಬೇಕು, ಎಲ್ಲಿ ಕೀಲು ಹಾಕಬೇಕು ಅನ್ನೋ ತೀರ್ಮಾನವೇ ಈ ಕಲೆ. ಉಳಿದಿದ್ದನ್ನ ಬಟನ್ ಮಾಡುತ್ತೆ.


ಭಾಗ 4/10
ಬರ್ಲಿನ್, 1926

ಲೋಟೆ ರೈನಿಗರ್. ಹುಟ್ಟಿದ್ದು 1899ರಲ್ಲಿ, ಬರ್ಲಿನ್‌ನಲ್ಲಿ. ಚಿಕ್ಕವರಿದ್ದಾಗಿಂದ ಕತ್ತರಿ ಹಿಡಿದು ಕಪ್ಪು ಕಾಗದದಲ್ಲಿ ಆಕೃತಿ ಕತ್ತರಿಸೋ ಕೈ. 1923ರಿಂದ 1926ರವರೆಗೆ ಮೂರು ವರ್ಷ ಕೂತು ಒಂದು ಪೂರ್ಣಾವಧಿ ಸಿನಿಮಾ ಮಾಡಿದರು, ರಾಜಕುಮಾರ ಅಹ್ಮದನ ಸಾಹಸಗಳ ಕಥೆ. ಇವತ್ತು ನಮಗೆ ನೋಡೋಕೆ ಸಿಗೋ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಡಿಸ್ನಿಯ ಸ್ನೋವೈಟ್ ಬಂದಿದ್ದು 1937ರಲ್ಲಿ, ಹನ್ನೊಂದು ವರ್ಷ ಆದ ಮೇಲೆ.

ಅವರ ವಿಧಾನ ಓದಿದರೆ ನಿಮಗೆ ನಿಮ್ಮಲಕುಂಟ ನೆನಪಾಗುತ್ತೆ. ರಟ್ಟು ಮತ್ತು ತೆಳು ಸೀಸದ ತಗಡಿನಲ್ಲಿ ತಲೆ, ತೋಳು, ಮುಂಗೈ, ತೊಡೆ ಅಂತ ಬೇರೆ ಬೇರೆ ತುಂಡು. ಕೂಡೋ ಕಡೆ ತಂತಿಯ ಕೀಲು. ಗಾಜಿನ ಮೇಜಿನ ಮೇಲೆ ಗೊಂಬೆ ಮಲಗಿಸಿ, ಕೆಳಗಿನಿಂದ ದೀಪ, ಮೇಲಿನಿಂದ ಕ್ಯಾಮೆರಾ. ಒಂದು ಕೂದಲಿನಷ್ಟು ಸರಿಸೋದು, ಒಂದು ಫ್ರೇಮ್ ತೆಗೆಯೋದು. ಮತ್ತೆ ಸರಿಸೋದು, ಮತ್ತೆ ತೆಗೆಯೋದು.

ರೈನಿಗರ್ ನಮ್ಮ ಗೊಂಬೆ ನೋಡಿ ಕಲಿತರು ಅಂತ ಹೇಳ್ತಿಲ್ಲ. ಅವರಿಗೆ ಮೊದಲು ಹುಚ್ಚು ಹಿಡಿಸಿದ್ದು ಚೀನಾದ ನೆರಳು ಗೊಂಬೆಗಳು. ನಾನು ಹೇಳ್ತಿರೋದು ಬೇರೆ. ಚಪ್ಪಟೆ ಆಕಾರಕ್ಕೆ ಜೀವ ಬರಿಸಬೇಕು ಅಂತ ಯಾರೇ ಹೊರಟರೂ ಎದುರಾಗೋ ತೊಡಕು ಒಂದೇ. ಧರ್ಮಾವರಂ ಹತ್ತಿರ ದಾರದ ಗಂಟಿನಿಂದ ಬಿಡಿಸಿದ ಕಗ್ಗಂಟನ್ನೇ ಬರ್ಲಿನ್‌ನಲ್ಲಿ ತಂತಿಯಿಂದ ಬಿಡಿಸಿದರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ಗೊಂಬೆ ಜನರ ಎದುರಿಗೇ ಕುಣಿಯೋದು, ತಪ್ಪಿದರೆ ತಪ್ಪಿದ ಹಾಗೇ. ರೈನಿಗರ್ ಗೊಂಬೆಯ ಚಲನೆಯನ್ನ ಫ್ರೇಮುಗಳಾಗಿ ಒಡೆದರು. ಇನ್ಮೇಲೆ ಚಲನೆ ಅಂದರೆ ಎಣಿಸಬಹುದಾದ ಸಂಗತಿ. ಕಂಪ್ಯೂಟರಿಗೆ ಬೇಕಾಗಿದ್ದು ಅದೇ. ಆದರೆ ಅದಕ್ಕಿಂತ ಮೊದಲು ಕಂಪ್ಯೂಟರ್ ಒಂದು ಬಾಗಿದ ಗೆರೆ ಎಳೆಯೋದನ್ನ ಕಲೀಬೇಕಿತ್ತು.


ಭಾಗ 5/10
ಕಾರಿನ ಮೈ, ರಂಗೋಲಿಯ ಎಳೆ

ಪೆನ್ ಟೂಲ್ ಹಿಡಿದು ಚುಕ್ಕಿ ಇಟ್ಟು ಎಳೆದಾಗ ಎರಡು ಕಡೆ ಮೀಸೆ ತರ ಬರುತ್ತಲ್ಲ, ಅದು ಹ್ಯಾಂಡಲ್. ಆ ಗೆರೆಯ ಹೆಸರು ಬೆಜಿಯೆ ಕರ್ವ್. ಹುಟ್ಟಿದ್ದು ಕಾರು ಕಾರ್ಖಾನೆಯಲ್ಲಿ.

1950ರ ದಶಕದ ಕೊನೆಗೆ ಫ್ರಾನ್ಸ್‌ನ ಕಾರು ಕಂಪನಿಗಳಿಗೆ ಒಂದು ಫಜೀತಿ ಇತ್ತು. ಕಾರಿನ ಮೈ ಪೂರ್ತಿ ಬಾಗು. ನಕ್ಷೆಯಲ್ಲಿರೋ ಬಾಗನ್ನ ಯಂತ್ರಕ್ಕೆ ಅಂಕಿಯಲ್ಲಿ ಹೇಗೆ ಹೇಳೋದು? ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟಲ್ಜೊ 1959ರಲ್ಲಿ ಒಂದು ಲೆಕ್ಕ ಹುಡುಕಿದರು. ಕಂಪನಿ ಅದನ್ನ ಗುಟ್ಟಾಗಿ ಇಟ್ಕೊಂಡಿತು. ರೆನೊ ಕಂಪನಿಯ ಪಿಯರ್ ಬೆಜಿಯೆ 1960ರ ದಶಕದಲ್ಲಿ ತಮ್ಮದೇ ದಾರಿಯಲ್ಲಿ ಅಲ್ಲಿಗೇ ಬಂದರು, ಪ್ರಕಟಿಸಿದರು. ಹೆಸರು ಬೆಜಿಯೆಯವರದ್ದಾಯ್ತು. ಮೊದಲು ಮಾಡಿದವರ ಹೆಸರು ಗೆರೆಗೆ ಅಂಟಲಿಲ್ಲ. ಈ ವಿಷಯ ಒಂದು ಕಡೆ ಬರೆದಿಟ್ಕೊಳ್ಳಿ, ಕೊನೆಯ ಭಾಗದಲ್ಲಿ ಬೇಕಾಗುತ್ತೆ.

ಆ ಗೆರೆಗೆ ನಾಲ್ಕು ಚುಕ್ಕಿ ಸಾಕು. ಎರಡು ತುದಿಗಳು, ಎರಡು ಹ್ಯಾಂಡಲ್‌ಗಳು. ಗೆರೆ ತುದಿಗಳನ್ನ ಮುಟ್ಟುತ್ತೆ. ಹ್ಯಾಂಡಲ್ ಚುಕ್ಕಿಗಳ ಕಡೆ ಬಾಗುತ್ತೆ, ಸಾಮಾನ್ಯವಾಗಿ ಅವನ್ನ ಮುಟ್ಟೋದಿಲ್ಲ. ಎಳೆ ರಂಗೋಲಿ ನೆನಪು ಮಾಡ್ಕೊಳ್ಳಿ. ಅಮ್ಮ ಮೊದಲು ಚುಕ್ಕಿ ಇಡ್ತಾರೆ, ಎಳೆ ಚುಕ್ಕಿಯನ್ನ ತಾಗದೆ ಅದನ್ನ ಬಳಸಿಕೊಂಡು ಹೋಗುತ್ತೆ. ಲೆಕ್ಕ ಬೇರೆ, ಕಣ್ಣಿಗೆ ಸಿಗೋ ಪಾಠ ಒಂದೇ: ಚುಕ್ಕಿ ದಾರಿ ತೋರಿಸುತ್ತೆ, ಗೆರೆ ಆ ದಾರಿ ಹಿಡಿಯುತ್ತೆ.

1984ರಲ್ಲಿ ಅಡೋಬಿ ಕಂಪನಿ ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಮುದ್ರಣ ಭಾಷೆ ತಂದಾಗ ಈ ಗೆರೆ ಕಾರಿನಿಂದ ಕಾಗದಕ್ಕೆ ಬಂತು. 1987ರಲ್ಲಿ ಇಲಸ್ಟ್ರೇಟರ್ ಬಂದು ಅದು ಮೌಸಿನ ತುದಿಗೆ ಬಂತು.

ಅಭ್ಯಾಸಕ್ಕೆ ಒಂದು ಕೆಲಸ. ಮಧುಗಿರಿ ಬೆಟ್ಟದ ಫೋಟೋ ಹಾಕ್ಕೊಂಡು ಅದರ ಅಂಚನ್ನ ಪೆನ್ ಟೂಲಿನಿಂದ ಎಳೀರಿ. ಮೊದಲ ಸಲ ನಲವತ್ತು ಚುಕ್ಕಿ ಬರುತ್ತೆ. ಆಮೇಲೆ ಗೆರೆ ದಿಕ್ಕು ಬದಲಿಸೋ ಕಡೆ ಮಾತ್ರ ಚುಕ್ಕಿ ಇಟ್ಟು ಎಳೀರಿ. ಹತ್ತರೊಳಗೆ ಬೆಟ್ಟ ಬಂದಿರುತ್ತೆ, ನೋಡೋಕೂ ಅದೇ ಚೆನ್ನಾಗಿರುತ್ತೆ.


ಭಾಗ 6/10
ಎರಡರ ನಡುವೆ

ಹಳೆ ಕಾಲದ ಅನಿಮೇಷನ್ ಸ್ಟುಡಿಯೋದಲ್ಲಿ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನ ಮಾತ್ರ ಬರೀತಿದ್ರು. ಕೈ ಕೆಳಗಿರೋದು, ಕೈ ಮೇಲಿರೋದು. ನಡುವಿನ ಚಿತ್ರ ಬರೆಯೋಕೆ ಬೇರೆ ಜನ ಇದ್ದರು. ಅವರ ಹೆಸರೇ ಇನ್‌ಬಿಟ್ವೀನರ್ಸ್, ನಡುವಿನವರು. ದಿನವಿಡೀ ಕೆಲಸ, ಹೆಸರು ಕಮ್ಮಿ.

ಈ ನಡುವಿನ ಕೆಲಸವನ್ನ ಕಂಪ್ಯೂಟರ್ ಮಾಡಬಹುದಾ ಅಂತ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್ ಅನ್ನೋ ಇಬ್ಬರು ಪ್ರಯತ್ನ ಮಾಡಿದರು. ಅವರ ವ್ಯವಸ್ಥೆಯನ್ನ ಬಳಸಿ ಪೀಟರ್ ಫೋಲ್ಡೆಸ್ 1974ರಲ್ಲಿ ಹಸಿವು ಅನ್ನೋ ಅರ್ಥದ ಹೆಸರಿನ ಕಿರುಚಿತ್ರ ಮಾಡಿದರು. ತಿಂದು ತಿಂದು ಊದೋ ಒಬ್ಬ ಮನುಷ್ಯ, ಕೊನೆಗೆ ಅವನನ್ನೇ ತಿನ್ನೋಕೆ ಬರೋ ಹಸಿದ ಜನ. ಅದರಲ್ಲಿ ಗೆರೆಗಳು ಕರಗಿ ಇನ್ನೊಂದು ಆಕಾರ ಆಗ್ತಾ ಹೋಗ್ತವೆ. ಆಸ್ಕರ್‌ಗೆ ನಾಮನಿರ್ದೇಶನ ಆಯ್ತು. ಬರ್ಟ್‌ನಿಕ್ ಮತ್ತು ವೈನ್ ಅವರಿಗೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಿದ್ದು 1997ರಲ್ಲಿ.

ನೀವು ಪಾತ್ ಮೇಲೆ ಎರಡು ಕೀಫ್ರೇಮ್ ಹಾಕಿ ಪ್ಲೇ ಒತ್ತಿದಾಗ ಆಗೋದು ಇದೇ. ಮಾವಿನಕಾಯಿ ಗಿಳಿಯಾಗಬೇಕು ಅಂತಿಟ್ಕೊಳ್ಳಿ. ಮಾವಿನ 1ನೇ ಚುಕ್ಕಿ ಗಿಳಿಯ 1ನೇ ಚುಕ್ಕಿಗೆ ಹೋಗುತ್ತೆ, 2ನೆಯದು 2ನೆಯದಕ್ಕೆ. ಮಾವಿನಲ್ಲಿ 1 ತೊಟ್ಟಿನ ಹತ್ತಿರ ಇದ್ದು, ಗಿಳಿಯಲ್ಲಿ 1 ಬಾಲದ ಹತ್ತಿರ ಇದ್ದರೆ, ನಡುವೆ ಆಕಾರ ಹಿಂಡಿದ ಬಟ್ಟೆ ಹಂಗೆ ಮುರುಟಿಕೊಳ್ಳುತ್ತೆ. ಪರಿಹಾರ ಎರಡು: ಎರಡೂ ಕಡೆ ಚುಕ್ಕಿಗಳ ಸಂಖ್ಯೆ ಒಂದೇ ಇರಲಿ, ಮೊದಲ ಚುಕ್ಕಿ ಒಂದೇ ಜಾಗದಲ್ಲಿರಲಿ. ತೊಟ್ಟು ಕೊಕ್ಕಾಗಲಿ.

1996ರಲ್ಲಿ ಬಂದ ಫ್ಯೂಚರ್‌ಸ್ಪ್ಲಾಶ್, ಮುಂದೆ ಫ್ಲ್ಯಾಶ್ ಆದ ಮೇಲೆ, ಈ ಕೆಲಸವನ್ನ ಲೋಕದ ತುಂಬ ಹರಡಿತು. ಅದರಲ್ಲಿ ಶೇಪ್ ಹಿಂಟ್ ಅಂತ ಇತ್ತು. ಈ ಚುಕ್ಕಿ ಆ ಚುಕ್ಕಿಗೇ ಹೋಗಲಿ ಅಂತ ನಾವೇ ಗುರುತು ಹಾಕಬೇಕು. ಫ್ಲ್ಯಾಶ್ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ಮುಗೀತು. ಗುರುತು ಹಾಕೋ ತೀರ್ಮಾನ ಮಾತ್ರ ಇನ್ನೂ ನಮ್ಮ ತಲೆ ಮೇಲೇ ಇದೆ.


ಭಾಗ 7/10
2007: ಎರಡೂ ಒಟ್ಟಿಗೆ

ಆಫ್ಟರ್ ಎಫೆಕ್ಟ್ಸ್ ಶುರು ಮಾಡಿದ್ದು ಅಡೋಬಿ ಅಲ್ಲ. ಅಮೆರಿಕದ ಪ್ರಾವಿಡೆನ್ಸ್ ಅನ್ನೋ ಊರಿನ ಒಂದು ಸಣ್ಣ ಕಂಪನಿ, ಹೆಸರು ಕಂಪನಿ ಆಫ್ ಸೈನ್ಸ್ ಅಂಡ್ ಆರ್ಟ್. 1993ರ ಜನವರಿಯಲ್ಲಿ ಮೊದಲ ಆವೃತ್ತಿ ಬಂತು. ಅದೇ ವರ್ಷ ಆಲ್ಡಸ್ ಕಂಪನಿ ಅದನ್ನ ಕೊಂಡಿತು. 1994ರಲ್ಲಿ ಅಡೋಬಿ ಆಲ್ಡಸ್ಸನ್ನೇ ಕೊಂಡಿತು.

2001ರ 5.0 ಆವೃತ್ತಿಯಲ್ಲಿ ಪೇರೆಂಟಿಂಗ್ ಬಂತು. ಮುಂಗೈಗೆ ತೋಳು ತಾಯಿ, ತೋಳಿಗೆ ಮೈ ತಾಯಿ. ತಾಯಿ ನಡೆದರೆ ಮಗು ಜೊತೆಗೆ ಬರುತ್ತೆ, ಮಗು ಕುಣಿದರೆ ತಾಯಿ ಅಲ್ಲಾಡಲ್ಲ. ಮೈ ಎತ್ತಿದರೆ ತೋಳೂ ಬರೋ ದಾರದ ಗಂಟು ಇದು.

2007ರ ಸಿಎಸ್3 ಆವೃತ್ತಿಯಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು ಶೇಪ್ ಲೇಯರ್. ಇಲಸ್ಟ್ರೇಟರಿಗೆ ಹೋಗದೆ ಅಲ್ಲೇ ಆಕಾರ ಬರೆದು, ಅಲ್ಲೇ ಚುಕ್ಕಿ ತಿದ್ದಿ, ಅಲ್ಲೇ ಕುಣಿಸೋದು. ಇನ್ನೊಂದು, ಮೊದಲ ಭಾಗದಲ್ಲಿ ಹೇಳಿದ ಪಪೆಟ್ ಪಿನ್.

ಶೇಪ್ ಲೇಯರ್‌ನ ಆಡ್ ಮೆನು ತೆಗೆದರೆ ಟ್ರಿಮ್ ಪಾತ್ಸ್ ಸಿಗುತ್ತೆ, ಗೆರೆ ತಾನೇ ಬರೆದುಕೊಳ್ಳುತ್ತೆ. ರಿಪೀಟರ್ ಸಿಗುತ್ತೆ. ಅದು ಏನು ಮಾಡುತ್ತೆ ಅಂತ ತಿಳ್ಕೋಬೇಕಾದರೆ ಪಾವಗಡದ ಸೋಲಾರ್ ಪಾರ್ಕನ್ನ ಮೇಲಿನಿಂದ ತೆಗೆದ ಫೋಟೋ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ಒಂದೇ ಚೌಕ ಮತ್ತೆ ಮತ್ತೆ. ರಿಪೀಟರಿನಲ್ಲಿ ಒಂದು ಪ್ಯಾನೆಲ್ ಬರೆದು ಕಾಪಿ ಸಂಖ್ಯೆ, ದೂರ ಕೊಟ್ಟರೆ ಒಂದು ಸಾಲು. ಇನ್ನೊಂದು ರಿಪೀಟರ್ ಹಾಕಿದರೆ ಇಡೀ ಬಯಲು. ಮೂಲದ ಒಂದನ್ನ ತಿದ್ದಿದರೆ ಎಲ್ಲಾ ತಿದ್ದಿಕೊಳ್ತವೆ.

ಈಗ ಪಪೆಟ್ ಪಿನ್ನಿಗೆ ಬರೋಣ. ಅದು ಆಕಾರದ ಮೇಲೆ ಬಲೆ ಹಾಸಿ ರಬ್ಬರ್ ತರ ಬಗ್ಗಿಸುತ್ತೆ. ತೊಗಲುಗೊಂಬೆಯ ತೋಳು ಹಾಗೆ ಬಗ್ಗಲ್ಲ, ಕೀಲಿನ ಮೇಲೆ ತಿರುಗುತ್ತೆ. ಹಂಗಾಗಿ ಗೊಂಬೆಯ ಹೆಸರು ತಗೊಂಡ ಟೂಲ್ ಗೊಂಬೆಯಂತೆ ನಡೆಯಲ್ಲ. ಗೊಂಬೆಯಂತೆ ನಡೆಯೋದು ಆಂಕರ್ ಪಾಯಿಂಟು ಮತ್ತು ಪೇರೆಂಟಿಂಗು. ಅವಕ್ಕೆ ಯಾರೂ ಗೊಂಬೆಯ ಹೆಸರು ಇಡಲಿಲ್ಲ.


ಭಾಗ 8/10
ಕನ್ನಡ ಅಕ್ಷರಕ್ಕೆ ಕೀಲು ಎಲ್ಲಿ?

ಈ ಭಾಗ ನಮಗೇ ವಿಶೇಷವಾದ ತೊಡಕಿನದ್ದು. ಟೆಂಪ್ಲೇಟ್ ಡೌನ್‌ಲೋಡ್ ಮಾಡಿ ಇಂಗ್ಲಿಷ್ ಹೆಸರಿನ ಜಾಗದಲ್ಲಿ ಕನ್ನಡ ಹಾಕ್ತೀರ. ಒತ್ತಕ್ಷರ ಪಕ್ಕಕ್ಕೆ ಜಾರಿರುತ್ತೆ. ಅಥವಾ ಅಕ್ಷರ ಒಂದೊಂದಾಗಿ ಹಾರಿ ಬರೋ ಕಡೆ, ಗುಣಿತದ ಕೊಂಬು ಒಂದು ಕಡೆ, ಅಕ್ಷರ ಇನ್ನೊಂದು ಕಡೆ.

ಕಾರಣ ಇದು. ಟೆಂಪ್ಲೇಟ್ ಮಾಡಿದವರ ಲೆಕ್ಕದಲ್ಲಿ ಒಂದು ಅಕ್ಷರ ಅಂದರೆ ಒಂದು ತುಂಡು. ಕನ್ನಡದಲ್ಲಿ ಹಾಗಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಹೆಸರನ್ನೇ ತಗೊಳ್ಳಿ. ಅದರ ಕೊನೆಯ 'ಕ್ಷ್ಮಿ' ನಮ್ಮ ಬಾಯಿಗೂ ಕಣ್ಣಿಗೂ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ: ಕ, ವಿರಾಮ, ಷ, ವಿರಾಮ, ಮ, ಇ-ಗುಣಿತ. ಈ ಆರನ್ನ ಸರಿಯಾಗಿ ಒಂದರ ಕೆಳಗೊಂದು ಕೂರಿಸೋಕೆ ಸಾಫ್ಟ್‌ವೇರಿಗೆ ನಮ್ಮ ಲಿಪಿಯ ನಿಯಮ ಗೊತ್ತಿರಬೇಕು.

ತುಂಬ ವರ್ಷ ಗೊತ್ತಿರಲಿಲ್ಲ. ಅದಕ್ಕೇ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹದಂಥ ತಂತ್ರಾಂಶಗಳ ಹಳೆ ಮಾದರಿ ಫಾಂಟುಗಳು ಗಟ್ಟಿಯಾಗಿ ಕೂತವು. ಅವು ಕನ್ನಡ ಅಕ್ಷರದ ತುಂಡುಗಳನ್ನ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಇಟ್ಟಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಲ್ಲಿ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು.

ಈಗ ದಾರಿ ಸುಲಭ ಇದೆ. ಆಫ್ಟರ್ ಎಫೆಕ್ಟ್ಸ್ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಟೆಕ್ಸ್ಟ್ ಎಂಜಿನ್ ಅನ್ನೋ ಆಯ್ಕೆ ಕಂಡರೆ ಅದನ್ನ ಆರಿಸಿ, ಯೂನಿಕೋಡ್ ಫಾಂಟಲ್ಲಿ ಟೈಪ್ ಮಾಡಿ. ಒತ್ತು ಸರಿಯಾಗಿ ಕೂತ ಮೇಲೆ ಕ್ರಿಯೇಟ್ ಶೇಪ್ಸ್ ಫ್ರಂ ಟೆಕ್ಸ್ಟ್ ಕೊಡಿ. ಅಕ್ಷರ ಈಗ ಬೆಜಿಯೆ ಗೆರೆಗಳ ಆಕಾರ, ಗೊಂಬೆಯ ಚರ್ಮ ಇದ್ದ ಹಾಗೆ.

ಇಲ್ಲಿ ಕೀಲಿನ ಪ್ರಶ್ನೆ ಮತ್ತೆ ಬಂತು. ಎಲ್ಲಿ ಕತ್ತರಿಸ್ತೀರ? 'ಕೊರಟಗೆರೆ' ಕುಣಿಯಬೇಕಾದರೆ ಕೊ, ರ, ಟ, ಗೆ, ರೆ ಅಂತ ಐದು ಗುಂಪು ಮಾಡಿ. ಕೊಂಬನ್ನ ಅದರ ಅಕ್ಷರದಿಂದ ಬಿಡಿಸಬೇಡಿ. ಸಾಫ್ಟ್‌ವೇರ್ ಗೆರೆ ನೋಡುತ್ತೆ. ಒಂದನೇ ಕ್ಲಾಸಲ್ಲಿ ಕಾಗುಣಿತ ಕಲಿತ ನೀವು ಅಕ್ಷರ ನೋಡ್ತೀರ. ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾದವರಿಗಿಂತ ನಿಮಗೇ ಚೆನ್ನಾಗಿ ಗೊತ್ತು.


ಭಾಗ 9/10
ಲೋಟೆ ವಾಪಸ್ ಬಂದರು

ಆಪ್‌ಗಳಲ್ಲಿ ಒಂದು ಬಟನ್ ಒತ್ತಿದಾಗ ಟಿಕ್ ಗುರುತು ತಾನೇ ಬರೆದುಕೊಳ್ಳೋದು, ಹೃದಯ ಉಬ್ಬೋದು, ಲೋಡ್ ಆಗೋವಾಗ ಏನೋ ಒಂದು ಕುಣಿಯೋದು ನೋಡಿರ್ತೀರ. ಇಂಥ ಎಷ್ಟೋ ಕುಣಿತಗಳು ವಿಡಿಯೋ ಅಲ್ಲ. ವಿಡಿಯೋ ಆದರೆ ಫೈಲು ಭಾರ, ದೊಡ್ಡದು ಮಾಡಿದರೆ ಮಸುಕು.

ಹೆರ್ನಾನ್ ಟೊರಿಸಿ ಅನ್ನೋ ಪ್ರೋಗ್ರಾಮರ್ ಬಾಡಿಮೂವಿನ್ ಹೆಸರಿನ ಪ್ಲಗಿನ್ ಮಾಡಿದರು. ಅದು ಆಫ್ಟರ್ ಎಫೆಕ್ಟ್ಸ್‌ನ ಕೆಲಸವನ್ನ ಒಂದು ಪಠ್ಯದ ಫೈಲಾಗಿ ಬರೆದುಕೊಡುತ್ತೆ: ಯಾವ ಚುಕ್ಕಿ ಎಲ್ಲಿದೆ, ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು. ಫೋನು ಅದನ್ನ ಓದಿ, ಅಲ್ಲೇ ಹೊಸದಾಗಿ ಗೆರೆ ಎಳೆಯುತ್ತೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪು. ಗೊಂಬೆಯಾಟದವರು ಪೆಟ್ಟಿಗೆಯಲ್ಲಿ ಹೊತ್ತೊಯ್ತಿದ್ದಿದ್ದು ಗೊಂಬೆಗಳನ್ನ. ಆಟ ಹುಟ್ಟೋದು ಆಯಾ ಊರಿನ ಪರದೆ ಮೇಲೆ. ಇದೂ ಹಂಗೇ.

2017ರಲ್ಲಿ ಏರ್‌ಬಿಎನ್‌ಬಿ ಕಂಪನಿಯ ಎಂಜಿನಿಯರ್‌ಗಳು ಈ ಫೈಲನ್ನ ಫೋನ್ ಆಪ್‌ಗಳಲ್ಲಿ ನೇರವಾಗಿ ಆಡಿಸೋ ಲೈಬ್ರರಿ ಮಾಡಿ ಎಲ್ಲರಿಗೂ ಬಿಟ್ಟರು. ಹೆಸರು ಲಾಟಿ. ಯಾರ ಹೆಸರು ಗೊತ್ತಾ? ಲೋಟೆ ರೈನಿಗರ್ ಅವರದ್ದು. ಕತ್ತರಿ, ರಟ್ಟು, ತಂತಿಯ ಕೀಲು ಹಿಡಿದು ಮೂರು ವರ್ಷ ಕೂತಿದ್ದ ಹೆಣ್ಣುಮಗಳ ಹೆಸರು, ಅವರು 1981ರಲ್ಲಿ ತೀರಿಕೊಂಡ ಮೂವತ್ತಾರು ವರ್ಷಕ್ಕೆ, ಜಗತ್ತಿನ ಫೋನುಗಳಿಗೆ ಬಂತು.

ಇದು ಖುಷಿಯ ವಿಷಯ. ಕಂಪನಿಯವರು ಮನಸ್ಸು ಮಾಡಿದರೆ ಮೂಲ ಹುಡುಕಿ ಹೆಸರಿಡಬಹುದು ಅಂತ ಇದರಿಂದ ಗೊತ್ತಾಗುತ್ತೆ. ಹಂಗಾದರೆ ನಮ್ಮ ಪಾಲಿನ ಹೆಸರುಗಳು ಯಾವುವು? ಮೂರು ಹೇಳ್ತೀನಿ.

ನಿಮ್ಮಲಕುಂಟದ ದಳವಾಯಿ ಚಲಪತಿ ರಾವ್, 2020ರ ಪದ್ಮಶ್ರೀ. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ, 2025ರ ಪದ್ಮಶ್ರೀ, ಆಗ ಅಜ್ಜಿಯ ವಯಸ್ಸು 96. ಬಳ್ಳಾರಿ ಕಡೆಯ ಬೆಳಗಲ್ಲು ವೀರಣ್ಣ, ರಾಮಾಯಣದ ಜೊತೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲುಗೊಂಬೆಯಲ್ಲಿ ಆಡಿಸಿದವರು. 2023ರ ಏಪ್ರಿಲ್‌ನಲ್ಲಿ ಚಳ್ಳಕೆರೆ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಹೋದರು. ಚಳ್ಳಕೆರೆ ನಮ್ಮ ಪಕ್ಕದ ತಾಲ್ಲೂಕು.


ಭಾಗ 10/10
ಹೆಸರು ಹಾಕಿ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದರೆ ತೊಗಲುಗೊಂಬೆಗಳ ದೊಡ್ಡ ಸಂಗ್ರಹ ಇದೆ. ಪರಿಷತ್ತನ್ನ ಕಟ್ಟಿದ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಸೇರಿಸಿದ್ದು. ಅವರು ಆ ಕೆಲಸ ಮಾಡದಿದ್ದರೆ ಎಷ್ಟು ಗೊಂಬೆ ನಾವು ನೋಡ್ತಿದ್ವೋ ಇಲ್ವೋ. ಗಾಜಿನ ಹಿಂದೆ ನಿಂತ ಆ ಗೊಂಬೆಗಳನ್ನ ನೋಡುವಾಗ ಒಂದು ಕೆಲಸ ಮಾಡಿ. ಮುಖ ನೋಡೋದು ಬಿಟ್ಟು ಕೀಲು ಹುಡುಕಿ. ಎಲ್ಲಿ ತೂತು, ಎಲ್ಲಿ ಗಂಟು, ಯಾವ ತುಂಡು ಯಾವುದರ ಮೇಲೆ. ಯಾವುದೋ ಹಳ್ಳಿಯ ಒಬ್ಬ ಮನುಷ್ಯ ಚರ್ಮ ಮುಂದಿಟ್ಟುಕೊಂಡು, ಇಲ್ಲಿ ಕತ್ತರಿಸ್ತೀನಿ, ಇಲ್ಲಿ ಕಟ್ತೀನಿ ಅಂತ ತೀರ್ಮಾನ ಮಾಡಿದ ಜಾಗ ಅದು. ಅವರ ಸಹಿ ಅಂದರೆ ಆ ಗಂಟೇ.

ಈಗ ನಮ್ಮ ಕೈಯಲ್ಲಿರೋ ವಿಷಯ. ನೆಟ್‌ನಲ್ಲಿ ಹುಡುಕಿ ಒಂದು ತೊಗಲುಗೊಂಬೆಯ ಚಿತ್ರ ಇಳಿಸಿಕೊಂಡು, ಹಿನ್ನೆಲೆ ಅಳಿಸಿ, ನಾಲ್ಕು ಪಿನ್ ಚುಚ್ಚಿ, ರಾಜ್ಯೋತ್ಸವದ ರೀಲಲ್ಲಿ ಕುಣಿಸೋದು ಹತ್ತು ನಿಮಿಷದ ಕೆಲಸ. ಕೆಳಗೆ ಹಾಡಿನ ಕ್ರೆಡಿಟ್ ಇರುತ್ತೆ, ಎಡಿಟ್ ಮಾಡಿದವರ ಹೆಸರೂ ಇರುತ್ತೆ. ಗೊಂಬೆ ಮಾಡಿದವರ ಹೆಸರು ಇರಲ್ಲ. ಸಿಟ್ರೊಯೆನ್‌ನ ಕಾಸ್ಟಲ್ಜೊ ಅವರ ಹೆಸರು ಕಂಪನಿಯ ಗುಟ್ಟಿನಿಂದ ಹಿಂದೆ ಬಿತ್ತು. ಗೊಂಬೆ ಮಾಡೋರ ಹೆಸರು ಹಿಂದೆ ಬೀಳೋದು ನಾವು ಒಂದು ಸಾಲು ಟೈಪ್ ಮಾಡದೆ ಇರೋದರಿಂದ. ಅವರಲ್ಲಿ ಎಷ್ಟೋ ಮನೆಗಳಿಗೆ ಇವತ್ತು ಆಟ ನೋಡೋಕೆ ಜನ ಇಲ್ಲ. ನಿಮ್ಮಲಕುಂಟದಲ್ಲಿ ದೀಪದ ಬುರುಡೆ, ಗೋಡೆಗೆ ಹಾಕೋ ಅಲಂಕಾರದ ಚಿತ್ರ ಮಾಡಿ ಮಾರ್ತಾರೆ. ಕೈಯ ಕಸುಬು ಉಳಿದಿದೆ, ಕುಣಿಸೋ ಅವಕಾಶ ಕಮ್ಮಿಯಾಗಿದೆ.

ಹಂಗಂತ ಗೊಂಬೆ ಮುಟ್ಟಲೇಬೇಡಿ ಅಂತ ಹೇಳ್ತಿಲ್ಲ. ಮುಟ್ಟಿ. ಆದರೆ ಹೀಗೆ ಮಾಡಿ. ಚಿತ್ರ ಎಲ್ಲಿಂದ ಬಂತು, ಯಾರು ಮಾಡಿದ್ದು ಅಂತ ಹುಡುಕಿ, ಸಿಕ್ಕಿದ ಹೆಸರನ್ನ ಕ್ಯಾಪ್ಷನ್ನಲ್ಲಿ ಬರೀರಿ. ದುಡ್ಡು ತಗೊಂಡು ಮಾಡೋ ಕೆಲಸವಾದರೆ ಕಲಾವಿದರನ್ನ ಕೇಳಿ, ಅವರಿಗೂ ಪಾಲು ಕೊಡಿ. ಕಾಲೇಜು ಫೆಸ್ಟ್ ಕಮಿಟಿಯಲ್ಲಿ ಇರೋರು ಡಿಜೆ ಬಜೆಟ್ಟಿನಲ್ಲಿ ಒಂದು ಪಾಲು ತೆಗೆದು ಒಂದು ಮೇಳವನ್ನ ಕರೆಸಿ. ಆಟ ಮುಗಿದ ಮೇಲೆ ಪರದೆ ಹಿಂದೆ ಹೋಗಿ ಕೀಲು ತೋರಿಸಿ ಅಂತ ಕೇಳಿ.

ಅದಕ್ಕಿಂತ ಮೊದಲು, ಇವತ್ತು ರಾತ್ರಿಯೇ ಮಾಡಬಹುದಾದ ಕೆಲಸ ಒಂದಿದೆ. ಟೆಂಪ್ಲೇಟ್ ಬಿಡಿ. ಹಾಳೆ ಮೇಲೆ ಒಂದು ಕೈ ಬರೀರಿ. ಭುಜ, ಮೊಣಕೈ, ಮಣಿಕಟ್ಟು, ಮೂರು ಕಡೆ ಕತ್ತರಿಸಿ. ಸೂಜಿ ದಾರ ತಗೊಂಡು ಗಂಟು ಹಾಕಿ ಆಡಿಸಿ ನೋಡಿ. ಎಲ್ಲಿ ಹಿಡೀತು, ಎಲ್ಲಿ ಸಂದು ಬಿಡ್ತು ಅಂತ ಕೈಗೆ ಗೊತ್ತಾಗುತ್ತೆ. ಆಮೇಲೆ ಅದೇ ಕೈಯನ್ನ ಶೇಪ್ ಲೇಯರ್‌ನಲ್ಲಿ ಬರೆದು, ಆಂಕರ್ ಪಾಯಿಂಟನ್ನ ದಾರ ಇದ್ದ ಜಾಗದಲ್ಲೇ ಇಡಿ. ಮಾಡಿದವರು ಟ್ಯಾಗ್ ಮಾಡಿ, ಎಲ್ಲಾ ಕೈಗಳನ್ನೂ ಸ್ಟೋರಿಗೆ ಹಾಕ್ತೀನಿ. ಹೆಸರಿನ ಜೊತೆಗೆ.

#ತೊಗಲುಗೊಂಬೆ #ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ #ಮೋಷನ್‌ಗ್ರಾಫಿಕ್ಸ್ #ಕನ್ನಡ